ಬೆಚ್ಚನೆಯ ಪೆಟ್ಟಿಗೆಗೆ ಲೋಬಾನ

ಆ ಪೆಟ್ಟಿಗೆಯ ಹೊರಬಾಗಿಲು ತೆಗೆದು, ಒಳಗಿನ ಗಾಜಿನ ಬಾಗಿಲಿಗೆ ಅಂಗೈ ಒತ್ತಿದರೆ ಮಲಗಿರುವ ಮನುಷ್ಯರ ಬೆನ್ನು ಮುಟ್ಟಿದ ಹಾಗಿರುತ್ತದೆ. ಹನ್ನೊಂದು ವರ್ಷದಿಂದ ದಿನಾ ಬೆಳಿಗ್ಗೆ ಹಾಗೆ ಮುಟ್ಟಿ ನೋಡುತ್ತಿದ್ದೇನೆ. ಮುಟ್ಟುವ ಅಗತ್ಯವೇನೂ ಇಲ್ಲ, ಮೇಲೆ ಕೆಂಪು ಅಂಕಿಯಲ್ಲಿ ಮೂವತ್ತೇಳು ಎಂದು ತೋರಿಸುತ್ತಲೇ ಇರುತ್ತದೆ. ಆದರೆ ನನ್ನದು ಗಿರಣಿಯಲ್ಲಿ ಪಳಗಿದ ಕೈ. ಯಂತ್ರವನ್ನು ಮುಟ್ಟದೆ ಅದರ ಮಾತು ನಂಬುವುದಿಲ್ಲ.

ನನ್ನ ಮನೆ ಗೋವಾದಲ್ಲಿ, ವಾಸ್ಕೋದ ಮಂಗೋರ್ ಹಿಲ್‌ನಲ್ಲಿ. ಕೆಲಸ, ಅಲ್ಲಿಂದ ಎರಡು ಬಸ್ಸು ಬದಲಿಸಿ ಹೋಗಬೇಕಾದ ಗುಡ್ಡದ ಮೇಲಿನ ಒಂದು ಸಂಶೋಧನಾ ಸಂಸ್ಥೆಯಲ್ಲಿ. ನಮ್ಮ ಓಣಿಯಲ್ಲಿ ಏನು ಕೆಲಸ ಎಂದು ಯಾರಾದರೂ ಕೇಳಿದರೆ ಬಂದರು, ಸೆಂಟ್ರಿಂಗ್, ಲಾರಿ ಎಂದು ಒಂದೇ ಮಾತಿನಲ್ಲಿ ಮುಗಿಸುತ್ತಾರೆ. ನಾನು ಮಾತ್ರ ‘ಕ್ಯಾನ್ಸರಿಗೆ ಔಷಧ ಹುಡುಕುವಲ್ಲಿ’ ಎನ್ನುತ್ತೇನೆ. ಅದು ಸುಳ್ಳಲ್ಲ. ಗಾಜಿನ ಸಾಮಾನು ತೊಳೆಯುವುದು, ಹಬೆಯ ಯಂತ್ರದಲ್ಲಿಟ್ಟು ಕ್ರಿಮಿ ಸಾಯಿಸುವುದು, ದ್ರವ ನೈಟ್ರೋಜನ್ ತುಂಬುವುದು, ಜೀವಕೋಶ ಬೆಳೆಸುವ ಆ ಬೆಚ್ಚನೆಯ ಪೆಟ್ಟಿಗೆಯ ತಳದ ತಟ್ಟೆಗೆ ನೀರು ಹಾಕುವುದು, ಬಾಗಿಲಿಗೆ ಅಂಟಿಸಿದ ಹಾಳೆಯಲ್ಲಿ ಅಂದಿನ ಉಷ್ಣತೆ ಬರೆದು ಸಹಿ ಮಾಡುವುದು, ಇಷ್ಟು ನನ್ನ ಪಾಲು. ಆರನೇ ಇಯತ್ತೆಗೆ ಶಾಲೆ ಬಿಟ್ಟವನು ನಾನು. ಆದರೆ ಪಿಎಚ್‌ಡಿ ಮಾಡುವವರು ತಾವೇ ತೊಳೆದಿಟ್ಟ ಸೀಸೆಯನ್ನು ಬೆಳಕಿಗೆ ಹಿಡಿದು ನೋಡಿ, ‘ಇದು ಆಗಿಲ್ಲ’ ಎಂದು ವಾಪಸು ಕೊಟ್ಟಿದ್ದೇನೆ. ನಾನು ತೊಳೆದಿದ್ದರಲ್ಲಿ ಒಂದು ಹನಿ ಸೋಪು ಉಳಿದಿತ್ತೆಂದು ಯಾರೂ ಇವತ್ತಿನವರೆಗೆ ಹೇಳಿಲ್ಲ. ತಪ್ಪು ನನ್ನ ಕಡೆಯಿಂದ ಬರುವುದಿಲ್ಲ ಎಂಬ ಈ ನಂಬಿಕೆಯೇ ಮುಂದಿನದಕ್ಕೆಲ್ಲ ಕಾರಣವಾಯಿತು.

ಮೊದಲು ಗಿರಣಿಯ ಮಾತು ಹೇಳಬೇಕು. ನಮ್ಮಪ್ಪ ವಿಜಯಪುರದ ಕಡೆ ಒಂದು ಹಳ್ಳಿಯಲ್ಲಿ ಹಿಟ್ಟಿನ ಗಿರಣಿ ಓಡಿಸುತ್ತಿದ್ದ. ಅಮಾವಾಸ್ಯೆಯ ದಿನ ಬೀಸುವಂತಿರಲಿಲ್ಲ. ಕಲ್ಲು ಒರೆಸಿ, ಬೆಲ್ಟಿಗೆ ವಿಭೂತಿ ಎಳೆದು, ನಿಂಬೆಹಣ್ಣು ಕೊಯ್ದು, ಕೊನೆಗೆ ತೆಂಗಿನ ಚಿಪ್ಪಿನ ಕೆಂಡದ ಮೇಲೆ ಲೋಬಾನ ಹಾಕಿ ಆ ಹೊಗೆಯನ್ನು ಗಿರಣಿಯ ಬಾಯಿಗೆ ತೋರಿಸಬೇಕಿತ್ತು. ಜೋಳ ಸುರಿಯುವ ಬಾಯಿಗೇ. ಮೈಗೆ, ಗಾಲಿಗೆ ತೋರಿಸಿದರೆ ಅಪ್ಪ ಒಪ್ಪುತ್ತಿರಲಿಲ್ಲ. ‘ತಿನ್ನೂದು ಬಾಯಿಲೆ ಐತಿ, ಸಮಾಧಾನನೂ ಬಾಯಿಗೇ ಮಾಡಬೇಕು’ ಎನ್ನುತ್ತಿದ್ದ. ಮನಸ್ಸಿನಲ್ಲಿ ಎಂಟು ಎಣಿಸುವ ತನಕ ಹೊಗೆ ಹಿಡಿಯಬೇಕು, ಹೆಚ್ಚಿಲ್ಲ, ಕಡಿಮೆ ಇಲ್ಲ. ಅದೇ ಕೆಂಡವನ್ನು ಅವ್ವ ಸಂಜೆ ಮನೆಗೆ ಒಯ್ದು ತೀರಿಹೋದ ಹಿರಿಯರಿಗೆ ಹಿಡಿಯುತ್ತಿದ್ದಳು. ಆ ಹೊತ್ತಿನಲ್ಲಿ ನಾವು ಮಾತಾಡುವಂತಿರಲಿಲ್ಲ. ‘ಸುಮ್ಮ ಕುಂದರ್ರಿ, ಅವರು ಓ ಅಂದದ್ದು ಕೇಳಬೇಕು’ ಎನ್ನುತ್ತಿದ್ದಳು. ನಾನು ಕಿವಿಗೊಟ್ಟು ಕೂತಿದ್ದು ಎಷ್ಟು ಸಲವೋ. ಯಾರೂ ಓ ಅಂದದ್ದು ನನಗೆ ಕೇಳಲಿಲ್ಲ.

ಗೋವಾಕ್ಕೆ ಬಂದ ಮೇಲೆ ಮೊದಲು ಫೋಂಡಾದಲ್ಲಿ ಕೋಣೆ ಹಿಡಿದು ಕುಂಡಯಿಯ ಒಂದು ಫ್ಯಾಕ್ಟರಿಯಲ್ಲಿ ಪ್ರೆಸ್ ಯಂತ್ರದ ಮೇಲೆ ಕೆಲಸ ಮಾಡಿದೆ. ಅಲ್ಲಿ ನಮ್ಮ ಕಡೆಯವರೇ ಹೆಚ್ಚು. ಅಮಾವಾಸ್ಯೆಗೆ ಯಂತ್ರಗಳಿಗೆ ಹೊಗೆ ತೋರಿಸುವುದು ನಡೆಯುತ್ತಿತ್ತು. ಹೊಸ ಮ್ಯಾನೇಜರ್ ಬಂದು ಅದನ್ನು ನಿಲ್ಲಿಸಿದ. ಆ ತಿಂಗಳೇ ನನ್ನ ಪಕ್ಕದ ಯಂತ್ರ ಒಬ್ಬನ ನಾಲ್ಕು ಬೆರಳು ತೆಗೆದುಕೊಂಡಿತು. ಹೊಗೆ ನಿಲ್ಲಿಸಿದ್ದಕ್ಕೇ ಹಾಗಾಯಿತೆಂದು ನಾನು ವಾದ ಮಾಡುವುದಿಲ್ಲ, ಆ ಯಂತ್ರದ ಪೆಡಲ್ ಮೊದಲೇ ಸಡಿಲಿತ್ತು. ಆದರೆ ಬೆರಳುಗಳನ್ನು ಹುಡುಕಿ ನನ್ನ ಟವೆಲ್ಲಿನಲ್ಲಿ ಸುತ್ತಿಕೊಟ್ಟವನು ನಾನು. ಅದಾದ ಮೇಲೆ ನಾನು ಕೆಲಸ ಮಾಡುವ ಜಾಗದಲ್ಲಿ ಯಾವ ಯಂತ್ರವೂ ಅಮಾವಾಸ್ಯೆಗೆ ಹೊಗೆಯಿಲ್ಲದೆ ಇರಬಾರದು ಎಂದು ಗಟ್ಟಿ ಮಾಡಿಕೊಂಡೆ.

ಪ್ರಯೋಗಶಾಲೆಯಲ್ಲಿ ಬೆಂಕಿ ತರಬಾರದು. ಎಲ್ಲೆಲ್ಲೂ ಸ್ಪಿರಿಟ್ ಇರುತ್ತದೆ, ಗೋಡೆಯ ಮೇಲೆ ಫಲಕವೂ ಇದೆ. ಆದ್ದರಿಂದ ಕಟ್ಟಡದ ಹಿಂದೆ, ಕೆಂಪು ಕಲ್ಲಿನ ಮೋಟುಗೋಡೆಯ ಮರೆಯಲ್ಲಿ ಚಿಪ್ಪು ಸುಟ್ಟು, ಜ್ವಾಲೆ ಪೂರ್ತಿ ಆರಿದ ಮೇಲೆ ಬರೀ ಕೆಂಡವನ್ನು ಹಿಡಿಕೆಯ ಧೂಪದ ಬಟ್ಟಲಿನಲ್ಲಿ ಒಳಗೆ ತರುತ್ತಿದ್ದೆ. ಬೆಳಿಗ್ಗೆ ಏಳೂವರೆಗೆ ನಾನು ಬಿಟ್ಟರೆ ಅಲ್ಲಿ ಯಾರೂ ಇರುವುದಿಲ್ಲ. ಫ್ಯಾನ್ ಹಾಕಿರುತ್ತಿದ್ದೆ. ಬೆಚ್ಚನೆಯ ಪೆಟ್ಟಿಗೆಯ ಎರಡೂ ಬಾಗಿಲು ತೆಗೆದು, ಬಾಯಿಗೆ ಎಂಟು ಎಣಿಸುವಷ್ಟು ಹೊಗೆ ಹಿಡಿದು ಮುಚ್ಚಿಬಿಡುತ್ತಿದ್ದೆ. ಒಂಬತ್ತೂವರೆಗೆ ಉಳಿದವರು ಬರುವಷ್ಟರಲ್ಲಿ ವಾಸನೆಯೂ ಉಳಿಯುತ್ತಿರಲಿಲ್ಲ. ನನ್ನ ಕಾಲದಲ್ಲಿ ಆ ಪೆಟ್ಟಿಗೆ ಒಂದು ದಿನವೂ ಕೆಟ್ಟಿಲ್ಲ.

ಐದು ವರ್ಷದ ಹಿಂದೆ ಧಾರವಾಡದ ಹುಡುಗಿಯೊಬ್ಬರು ಪಿಎಚ್‌ಡಿಗೆ ಬಂದು ಸೇರಿದರು. ಮೊದಲ ದಿನ ತೊಳೆಯುವ ಕೋಣೆಯಲ್ಲಿ ನನ್ನ ಕ್ಯಾಲೆಂಡರ್ ನೋಡಿ, ‘ಅಯ್ಯ, ಕನ್ನಡದ್ದ ಐತಲ್ಲ! ಕಾಕಾ, ನೀವು ಯಾವ ಕಡೆಯವರು?’ ಎಂದರು. ಅವತ್ತಿನಿಂದ ನಾನು ಅವರಿಗೆ ಕಾಕಾ, ಅವರು ನನಗೆ ಮೇಡಮ್ಮಾರ. ನನ್ನ ಹೆಂಡತಿ ಮಾಡಿದ ಶೇಂಗಾ ಹಿಂಡಿಗಾಗಿ ಅವರು ನನ್ನ ಡಬ್ಬಿ ತೆಗೆಯುವುದನ್ನೇ ಕಾಯುತ್ತಿದ್ದರು.

ಏನು ಮಾಡುತ್ತಿದ್ದೀರಿ ಎಂದು ಕೇಳಿದರೆ ಬೇಸರಿಸದೆ ಹೇಳುತ್ತಿದ್ದರು.

‘ಜೀವಕೋಶ ಅಂದ್ರ ಒಂದು ಮನಿ ಅಂತ ತಿಳೀರಿ. ಬಾಗಲದಾಗ ಒಬ್ಬ ಕುಂತಾನ. ಹೊರಗ ಯಾರರೆ ಕದ ಬಡದ್ರ ಅಂವ ಒಳಗಿನವಗ ಹೇಳ್ತಾನ, ಅಂವ ಇನ್ನೊಬ್ಬಗ, ಅಂವ ಮತ್ತೊಬ್ಬಗ. ಹಂಗ ಸುದ್ದಿ ನಡುಮನಿಗೆ ಮುಟ್ಟತೈತಿ. ಈ ಸುದ್ದಿ ಒಯ್ಯಾವ್ರೆಲ್ಲಾ ಪ್ರೋಟೀನು.’

‘ಮತ್ತ ಔಷಧ ಯಾರಿಗ್ರಿ?’

‘ಕ್ಯಾನ್ಸರಿನ ಕೋಶಕ್ಕ ಔಷಧ ಹಾಕಿದ್ರ, ನಡುವ ಒಬ್ಬ ಅದಾನ ನೋಡ್ರಿ, ಅಂವ ಒಳಗ ಓಡಿಹೋಗಿ “ಯಾರೋ ಬಂದಾರ, ಗಟ್ಟಿ ಆಗ್ರಿ, ಸಾಯಬ್ಯಾಡ್ರಿ” ಅಂತ ಒದರತಾನ. ಮನಿ ಮಂದಿಯೆಲ್ಲಾ ಹುಷಾರಾಕ್ಕಾರ. ಔಷಧ ನಾಟೂದ ಇಲ್ಲ. ನಾ ಹುಡುಕಾಕತ್ತಿದ್ದು ಅವನೊಬ್ಬನ ಬಾಯಿ ಮುಚ್ಚೂದನ್ನ. ಅವನೊಬ್ಬಂದು ಅಷ್ಟ. ಮನಿಯಾಗಿನ ಉಳಿದವರಿಗೆ ಧಕ್ಕಿ ಆಗಬಾರದು.’

ಅವನು ಒದರಿದ್ದನ್ನು ಮೊದಲ ವರ್ಷಗಳಲ್ಲಿ ಬೇರೆ ರೀತಿ ಅಳೆಯುತ್ತಿದ್ದರು, ಕಳೆದ ವರ್ಷ ಮಳೆಗಾಲಕ್ಕೆ ಸ್ವಲ್ಪ ಮೊದಲು ಆ ಕೋಶಗಳೊಳಗೆ ಮಿಂಚುಹುಳದ ಬೆಳಕಿನ ಗುಣ ಸೇರಿಸಿದರು. ಅವನು ಒದರಿದರೆ ಬೆಳಕು, ಸುಮ್ಮನಿದ್ದರೆ ಕತ್ತಲೆ. ಕಣ್ಣಿಗೆ ಕಾಣುವಷ್ಟು ಬೆಳಕಲ್ಲ. ಅದನ್ನು ಎಣಿಸುವ ಯಂತ್ರವೇ ಬೇರೆ. ಸಣ್ಣ ಸಣ್ಣ ಗುಂಡಿಗಳಿರುವ ಪ್ಲಾಸ್ಟಿಕ್ ತಟ್ಟೆಯಲ್ಲಿ ಸಂಜೆ ಕೋಶಗಳನ್ನು ಹಾಕಿ, ರಾತ್ರಿಯೆಲ್ಲಾ ಬೆಚ್ಚನೆಯ ಪೆಟ್ಟಿಗೆಯಲ್ಲಿಟ್ಟು, ಮರುದಿನ ಮಧ್ಯಾಹ್ನ ಆ ಯಂತ್ರಕ್ಕೆ ಕೊಡುತ್ತಿದ್ದರು. ಮೊದಲ ಸಾಲಿನ ಗುಂಡಿಗಳಿಗೆ ಏನೂ ಹಾಕುವುದಿಲ್ಲ. ಅಲ್ಲಿ ಯಾರೂ ಕದ ಬಡಿದಿಲ್ಲ, ಆದ್ದರಿಂದ ಅದು ಕತ್ತಲೆಯೇ ಇರಬೇಕು. ಉಳಿದ ಸಾಲುಗಳನ್ನು ಅಳೆಯುವುದು ಆ ಕತ್ತಲೆಗೆ ಹೋಲಿಸಿ. ಮೊದಲ ಸಾಲು ಕೆಟ್ಟರೆ ತಟ್ಟೆಯೇ ಕೆಟ್ಟಂತೆ.

ಕಳೆದ ವರ್ಷ ಮಳೆಗಾಲ ಹಿಡಿದ ಮೇಲೆ ಒಂದು ಮಧ್ಯಾಹ್ನ ಅವರು ತೊಳೆಯುವ ಕೋಣೆಗೆ ಬಂದರು. ‘ಕಾಕಾ, ಸೀಸೆದಾಗೇನರ ಉಳದಿತ್ತೇನ್ರಿ?’ ಎಂದು ಕೇಳಿದರು. ನನಗೆ ಸಿಟ್ಟೇ ಬಂತು. ‘ನನ್ನ ಕೈಯಾಗ ಉಳಿಯೂದಿಲ್ರಿ’ ಎಂದೆ. ಮೊದಲ ಸಾಲು ಬೆಳಗಿತ್ತು. ಯಾರೂ ಕರೆಯದೆ ಕೋಶಗಳು ಓ ಎಂದಿದ್ದವು.

ಮರುದಿನ ಕತ್ತಲೆ. ಅದರ ಮರುದಿನವೂ ಕತ್ತಲೆ. ತಿಂಗಳಾಗುವ ಹೊತ್ತಿಗೆ ಮತ್ತೆ ಒಂದು ದಿನ ಬೆಳಕು. ಅವರು ನೀರು ಬದಲಿಸಿದರು, ಕೋಶಗಳಿಗೆ ಹಾಕುವ ಗುಲಾಬಿ ಬಣ್ಣದ ಆಹಾರ ಹೊಸದು ತರಿಸಿದರು, ಪೆಟ್ಟಿಗೆಗೆ ಜೋಡಿಸಿದ ಗ್ಯಾಸ್ ಸಿಲಿಂಡರ್ ಬದಲಿಸಿದರು. ಬದಲಿಸಿದ್ದು ನಾನೇ, ಅವರು ಬೇಡಿದ ಹಾಗೆ. ಮೂರನೆಯ ಸಲ ಬೆಳಕು ಬಂದಾಗ ಅವರು ಬಾಗಿಲ ಮೇಲಿನ ಹಾಳೆಯಲ್ಲಿ, ನಾನು ಉಷ್ಣತೆ ಬರೆದ ಅಂಕಿಯ ಪಕ್ಕದಲ್ಲೇ, ಕೆಂಪು ಪೆನ್ನಿನಿಂದ ಗುರುತು ಹಾಕಿದರು. ಹಿಂದಿನ ಎರಡು ದಿನಗಳಿಗೂ ಹಾಕಿದರು.

ಆ ಮೂರು ಗುರುತುಗಳನ್ನು ನಾನು ದಿನಾ ನೋಡುತ್ತಿದ್ದೆ. ಒಂದು ಬೆಳಿಗ್ಗೆ ಉಷ್ಣತೆ ಬರೆಯಲು ಪೆನ್ನು ಹಿಡಿದವನು ಹಾಗೇ ನಿಂತೆ. ತೊಳೆಯುವ ಕೋಣೆಗೆ ಹೋಗಿ ಕ್ಯಾಲೆಂಡರಿನ ಹಾಳೆ ತಿರುವಿದೆ. ಒಂದು ಕಪ್ಪು ಚುಕ್ಕೆ. ಹಿಂದಿನ ತಿಂಗಳು, ಕಪ್ಪು ಚುಕ್ಕೆ. ಅದರ ಹಿಂದಿನದೂ. ಮೂರು ಕೆಂಪು ಗುರುತು ಮೂರು ಅಮಾವಾಸ್ಯೆಯ ಮೇಲೆ ಕೂತಿದ್ದವು. ಹೊರಗೆ ಮಳೆ ಸುರಿಯುತ್ತಿತ್ತು. ಗುಡ್ಡದ ಮೇಲಿನ ಮಂಜು ಕಿಟಕಿಯ ಗಾಜಿಗೆ ಬಂದು ನಿಂತಿತ್ತು.

ನೀವು ಈಗ ನಗುತ್ತಿರಬಹುದು. ಕೆಂಡ ಹಿಡಿದವನೇ ಕ್ಯಾಲೆಂಡರ್ ಮುಂದೆ ನಿಂತಿದ್ದಾನೆ, ಆದರೂ ಇವನಿಗೆ ಹೊಳೆಯಲಿಲ್ಲವೇ ಎಂದು. ಹೊಳೆಯಲಿಲ್ಲ. ಹೊಗೆ ಕೆಟ್ಟದ್ದನ್ನು ತಡೆಯುವುದು, ಕೆಟ್ಟದ್ದು ಮಾಡುವುದಲ್ಲ. ಹಾಗೆ ತಿಳಿದವನಿಗೆ ತನ್ನ ಕೈ ಕಾಣಿಸುವುದಿಲ್ಲ.

ಮೇಡಮ್ಮಾರಿಗೆ ಹೇಳಿದೆ. ಅವರು ಮೊದಲು ಜೋರಾಗಿ ನಕ್ಕರು. ‘ಅಮಾಸಿ ಅಂತ ಜೀವಕೋಶಕ್ಕ ಹೆಂಗ ಗೊತ್ತಾಗಬೇಕ್ರಿ ಕಾಕಾ? ಅದಕ್ಕೇನ್ ಕ್ಯಾಲೆಂಡರ್ ಓದಾಕ ಬರತೈತೇನು?’ ಎಂದರು. ನಾನು ಕ್ಯಾಲೆಂಡರನ್ನು ಮೊಳೆಯಿಂದ ತೆಗೆದು ಅವರ ಮುಂದಿಟ್ಟೆ. ಅವರು ಹಾಳೆ ನೋಡಿದರು, ಚುಕ್ಕೆ ನೋಡಿದರು, ಮತ್ತೆ ಹಾಳೆ ನೋಡಿದರು. ನಗು ಎಲ್ಲಿ ಹೋಯಿತೋ. ‘ಇದನ್ನ ಯಾರ ಮುಂದನೂ ಹೇಳಬ್ಯಾಡ್ರಿ. ಸರ್ ಮುಂದಂತೂ ಬ್ಯಾಡ. ನಾ ನಾಲ್ಕು ವರ್ಷ ಮಾಡಿದ್ದೆಲ್ಲಾ ಚ್ಯಾಷ್ಟಿ ಆಗಿಹೋಗತೈತಿ’ ಎಂದರು.

ಅವತ್ತೇ ನಾನು ಕೇಳಿದ್ದು, ಈ ಕೋಶಗಳು ಎಲ್ಲಿಂದ ಬಂದವು ಎಂದು. ಅಲ್ಲಿಯತನಕ ನಾನು ಅವನ್ನು ಔಷಧದ ಹಾಗೆ, ಯಾವುದೋ ಕಂಪನಿಯಲ್ಲಿ ಮಾಡಿ ಸೀಸೆಯಲ್ಲಿ ಕಳಿಸಿದ ಸಾಮಾನೆಂದು ತಿಳಿದಿದ್ದೆ.

‘ಒಬ್ಬಾಕಿ ಹೆಣ್ಣುಮಗಳಿನವ್ರಿ,’ ಎಂದರು. ‘ಎದಿ ಕ್ಯಾನ್ಸರ್ ಆಗಿತ್ತು. ಯಾವ್ದೋ ದೇಶದಾಕಿ. ಹೆಸರು ಯಾರಿಗೂ ಗೊತ್ತಿಲ್ಲ.’

‘ಈಗ ಎಲ್ಲದಾರ?’

‘ತೀರಿಕೊಂಡು ಎಷ್ಟೋ ವರ್ಷ ಆಗೇತಿ. ನಾ ಹುಟ್ಟೂದಕ್ಕ ಮೊದಲ.’

‘ಮತ್ತ ಇವು?’

‘ಇವು ಸತ್ತಿಲ್ಲಲ್ರಿ. ಬೆಳಕೋತನ ಅದಾವ. ಎಲ್ಲಾ ದೇಶದಾಗೂ ಅದಾವ.’

ಅವರು ಇದನ್ನು ಹೊರಗೆ ಮಳೆ ನಿಂತಿದೆ ಎನ್ನುವಷ್ಟು ಹಗುರವಾಗಿ ಹೇಳಿ ಕೆಲಸಕ್ಕೆ ಹೋದರು. ನಾನು ಪೆಟ್ಟಿಗೆಯ ಮುಂದೆ ನಿಂತೆ. ಅಷ್ಟು ವರ್ಷ ದಿನಾ ಅಂಗೈ ಒತ್ತಿದ್ದ ಆ ಗಾಜನ್ನು ಅವತ್ತು ಮುಟ್ಟಲು ಆಗಲಿಲ್ಲ. ನಮ್ಮವ್ವನೂ ಎದೆಯಲ್ಲಿ ಗಂಟಾಗಿ ಸತ್ತವಳು. ಯಾರಿಗೂ ಹೇಳದೆ, ಸೆರಗಿನಲ್ಲಿ ಮುಚ್ಚಿಕೊಂಡು, ವಾಸನೆ ಬರುವ ತನಕ ಸುಮ್ಮನಿದ್ದವಳು. ಮೂವತ್ತೇಳು ಡಿಗ್ರಿ ಎಂದರೆ ಬದುಕಿದ್ದ ಆ ಹೆಣ್ಣುಮಗಳ ಮೈಯ ಬಿಸಿ. ಅದನ್ನು ಒಂದು ದಿನವೂ ಆರದಂತೆ ಕಾಯ್ದುಕೊಂಡು ಬಂದವನು, ಹಾಳೆಯಲ್ಲಿ ಬರೆದು ಸಹಿ ಮಾಡಿದವನು ನಾನು.

ಅಮಾವಾಸ್ಯೆಗೆ ಅವಳು ಎಚ್ಚರಾಗುತ್ತಾಳೆ ಎಂದು ನನಗೆ ಖಾತ್ರಿಯಾಯಿತು. ಮತ್ತು ಅದಕ್ಕೆ ನನಗೆ ಗೊತ್ತಿದ್ದ ಉಪಾಯ ಒಂದೇ. ಮುಂದಿನ ಅಮಾವಾಸ್ಯೆಗೆ ವಾಸ್ಕೋ ಮಾರ್ಕೆಟ್ಟಿನ ಅತ್ತರಿನ ಅಂಗಡಿಯಿಂದ ಒಳ್ಳೆಯ ಲೋಬಾನ ತಂದು, ಎಂಟರ ಬದಲು ಹದಿನಾರು ಎಣಿಸಿದೆ.

ಅವತ್ತು ಮಧ್ಯಾಹ್ನ ಮೊದಲ ಸಾಲು ಹಿಂದೆಂದೂ ಇಲ್ಲದಷ್ಟು ಬೆಳಗಿತು.

ಮೇಡಮ್ಮಾರ ಪಿಎಚ್‌ಡಿಯ ಗೈಡ್ ಸರ್‌ಗೆ ಸುದ್ದಿ ಮುಟ್ಟಿತು. ಅವರು ಇಲ್ಲಿನವರೇ, ಕೊಂಕಣಿಯವರು, ಒಳ್ಳೆಯ ಮನುಷ್ಯ, ಆದರೆ ಮಾತು ಸೂಜಿ. ತೊಳೆಯುವ ಕೋಣೆಗೂ ಅವರ ಕೋಣೆಗೂ ನಡುವೆ ಸಾಮಾನು ದಾಟಿಸುವ ಸಣ್ಣ ಕಿಂಡಿಯಿದೆ. ಅದರಿಂದ ಎಲ್ಲಾ ಕೇಳಿಸುತ್ತಿತ್ತು. ಹಿಂದಿಯಲ್ಲಿ ಹೇಳುತ್ತಿದ್ದರು: ‘ಕರೆಯದೆ ಓ ಅನ್ನುವ ಕೋಶ! ಇದನ್ನು ನಾನು ಯಾವ ಪತ್ರಿಕೆಗೆ ಕಳಿಸಲಿ, ಭೂತದ ಕತೆಗಳ ಪುಸ್ತಕಕ್ಕೆ ಕಳಿಸಲೇ?’ ಆಮೇಲೆ ದನಿ ತಗ್ಗಿಸಿ ಹೇಳಿದ್ದು ಇನ್ನೂ ಕೆಟ್ಟದಿತ್ತು. ಕಾರಣ ಸಿಗಬೇಕು. ಬೆಳಕು ತಾನಾಗಿ ನಿಂತರೂ ಸಾಲದು. ಯಾಕೆ ಬಂತೆಂದು ಗೊತ್ತಿಲ್ಲದಿದ್ದರೆ ಹಳೆಯ ಅಂಕಿಗಳನ್ನೂ ಯಾರೂ ನಂಬುವುದಿಲ್ಲ. ಎರಡು ತಿಂಗಳು ಕೊಡುತ್ತೇನೆ, ಆಗದಿದ್ದರೆ ಈ ಕೆಲಸ ಮುಚ್ಚಿ ಬೇರೆ ವಿಷಯ ತೆಗೆದುಕೋ, ಮೊದಲಿನಿಂದ.

ಮೇಡಮ್ಮಾರ ಹೊರಗೆ ಬಂದು ನನ್ನ ಸಿಂಕಿನ ಪಕ್ಕದ ಸ್ಟೂಲಿನ ಮೇಲೆ ಕೂತರು. ಅಳಲಿಲ್ಲ. ನಾನು ತೊಳೆದಿಟ್ಟ ಒಂದು ಸೀಸೆ ತೆಗೆದುಕೊಂಡು ಸುಮ್ಮನೆ ತಿರುಗಿಸುತ್ತಾ ಕೂತರು. ‘ಔಷಧ ಖರೇನ ಕೆಲಸ ಮಾಡಾಕತ್ತೈತಿ ಕಾಕಾ,’ ಎಂದರು. ‘ಅವನ ಬಾಯಿ ಮುಚ್ಚತೈತಿ. ನಾ ನೋಡೇನಿ. ಆದ್ರ ಯಾರ ನಂಬಬೇಕು?’

ಮುಂದಿನ ಅಮಾವಾಸ್ಯೆಗೆ ಎರಡು ದಿನ ಇರುವಾಗ ನನಗೆ ಜ್ವರ ಬಂತು. ಮಂಗೋರ್ ಹಿಲ್‌ನಲ್ಲಿ ಆಗ ಮನೆಗೊಬ್ಬರು ಮಲಗಿದ್ದರು. ಕೀಲು ಕೀಲು ಹಿಡಿದುಕೊಂಡು ಏಳಲು ಆಗುತ್ತಿರಲಿಲ್ಲ. ಆದರೂ ಅಮಾವಾಸ್ಯೆಯ ಬೆಳಿಗ್ಗೆ ಅಂಗಿ ಹಾಕಿಕೊಂಡೆ. ನನ್ನ ಹೆಂಡತಿ ಬಾಗಿಲಿಗೆ ಅಡ್ಡ ನಿಂತಳು.

‘ನೀವ್ ಹೋಗದಿದ್ರ ಆ ಆಫೀಸು ಗುಡ್ಡ ಬಿಟ್ಟು ಇಳದ ಬರತೈತೇನು? ಮಕ್ಕೋರ್ರಿ ಸುಮ್ಮ.’

‘ಯಂತ್ರಕ್ಕ ಹೊಗಿ ಹಿಡೀಬೇಕು.’

‘ಯಂತ್ರಕ್ಕ ಹಿಡದದ್ದು ಸಾಕು. ಮನ್ಯಾಗ ಸೊಳ್ಳಿಗರೆ ಹಿಡೀರಿ.’

ನಾನು ಹೋಗಲಿಲ್ಲ. ಇಡೀ ದಿನ ಜ್ವರದಲ್ಲಿ ಆ ಪೆಟ್ಟಿಗೆ ಕಾಣುತ್ತಿತ್ತು. ಬಾಗಿಲು ತಾನಾಗಿ ತೆರೆದ ಹಾಗೆ, ಒಳಗಿನ ಗುಲಾಬಿ ನೀರು ತುಳುಕಿದ ಹಾಗೆ. ಒಬ್ಬ ಹೆಂಗಸು ನನಗೆ ಬೆನ್ನು ಮಾಡಿ ಕೂತಿದ್ದಳು. ಹೊಗೆಯಿಲ್ಲದೆ ಈ ಅಮಾವಾಸ್ಯೆಗೆ ಏನಾಗುತ್ತದೋ, ಯಾರ ಕೈ ಹೋಗುತ್ತದೋ ಎಂದು ಬೆವರಿದೆ.

ಆರು ದಿನದ ಮೇಲೆ ಕೆಲಸಕ್ಕೆ ಹೋದಾಗ ಮೇಡಮ್ಮಾರ ಓಡಿಬಂದರು. ‘ಕಾಕಾ! ಈ ಅಮಾಸಿಗೆ ಏನೂ ಆಗಲಿಲ್ರಿ! ಕತ್ತಲಿ, ಎಲ್ಲಾ ಕತ್ತಲಿ!’ ಎಂದರು. ಮುಖ ಅರಳಿತ್ತು. ಮತ್ತೆ ಬಾಡಿತು. ‘ಆದ್ರ ಯಾಕಂತ ಗೊತ್ತಾಗಲಿಲ್ಲ. ಬಂದದ್ಯಾಕಂತ ಗೊತ್ತಿಲ್ಲ, ಹೋದದ್ಯಾಕಂತನೂ ಗೊತ್ತಿಲ್ಲ. ಸರ್ ಒಪ್ಪೂದಿಲ್ಲ.’

ಸಂಜೆ ಮನೆಯಲ್ಲಿ ರೊಟ್ಟಿ ತಿನ್ನುತ್ತಾ ಹೆಂಡತಿಗೆ ಇದನ್ನೆಲ್ಲ ಹೇಳಿದೆ. ಕೋಶದ ಮಾತು, ಸತ್ತ ಹೆಣ್ಣುಮಗಳ ಮಾತು, ಬೆಳಕಿನ ಮಾತು. ಅವಳು ತವೆಯ ಮೇಲಿನ ರೊಟ್ಟಿ ತಿರುವಿಹಾಕಿ, ನನ್ನ ಕಡೆ ನೋಡದೆ ಅಂದಳು.

‘ನೀವಿದ್ದಾಗ ಓ ಅಂತಾಳ, ನೀವಿಲ್ಲದಾಗ ಸುಮ್ಮನಿರತಾಳ. ಅಂದ್ರ ಆಕಿನ್ನ ಕರಿಯಾಕತ್ತಾವ್ರು ನೀವ ಅಲ್ಲೇನ್ರಿ?’

ಚೇಷ್ಟೆಗೆ ಅಂದದ್ದು. ಆದರೆ ನನ್ನ ಕೈಯ ತುತ್ತು ಕೈಯಲ್ಲೇ ಉಳಿಯಿತು. ಧೂಪದ ಬಟ್ಟಲು ಒಲೆಯ ಪಕ್ಕದ ಗೂಡಿನಲ್ಲೇ ಇತ್ತು. ತಳದಲ್ಲಿ ಹಳೆಯ ಬೂದಿ. ಎದ್ದು ಹೋಗಿ ಮೂಗಿಗೆ ಹಿಡಿದೆ. ಎಂಟು ಎಣಿಸುವಷ್ಟು ಹೊಗೆ. ಪೆಟ್ಟಿಗೆಯ ಬಾಯಿಗೇ. ಹದಿನಾರು ಎಣಿಸಿದ ದಿನ ಎರಡು ಪಟ್ಟು ಬೆಳಕು. ಯಾರೂ ಕದ ಬಡಿದಿಲ್ಲ ಎಂದು ಅವರೆಲ್ಲ ತಿಂಗಳುಗಟ್ಟಲೆ ತಲೆ ಕೆಡಿಸಿಕೊಂಡಿದ್ದರು. ಕದ ಬಡಿದವನು ಅವರಿಗೆ ನೀರು ತುಂಬಿಕೊಡುತ್ತಾ ಪಕ್ಕದಲ್ಲೇ ನಿಂತಿದ್ದ.

ಹೇಳಲು ನಾನು ಹನ್ನೆರಡು ದಿನ ತೆಗೆದುಕೊಂಡೆ. ಅದನ್ನು ಮುಚ್ಚಿಡುವುದಿಲ್ಲ. ತಪ್ಪು ನನ್ನದಲ್ಲ ಎಂದು ಇಷ್ಟು ವರ್ಷ ಎದೆ ಸೆಟೆಸಿ ಹೇಳಿದವನು, ಬೆಂಕಿ ತರಬಾರದೆಂಬ ಫಲಕದ ಕೆಳಗೇ ಕೆಂಡ ಹಿಡಿದು ಓಡಾಡಿದ್ದೇನೆಂದು ಒಪ್ಪಬೇಕಿತ್ತು. ಕೆಲಸ ಹೋದರೆ ಮತ್ತೆ ಕುಂಡಯಿ. ಸುಮ್ಮನೆ ಹೊಗೆ ನಿಲ್ಲಿಸಿಬಿಟ್ಟರೆ ಬೆಳಕೂ ನಿಲ್ಲುತ್ತದೆ, ನನ್ನ ಮರ್ಯಾದೆಯೂ ಉಳಿಯುತ್ತದೆ. ಆದರೆ ಕಿಂಡಿಯಲ್ಲಿ ಕೇಳಿದ್ದು ಮರೆತಿರಲಿಲ್ಲ: ಕಾರಣ ಸಿಗದಿದ್ದರೆ ಆ ಹುಡುಗಿಯ ನಾಲ್ಕು ವರ್ಷ ಕಸ. ಇನ್ನೊಂದು ಮಾತೂ ಇತ್ತು, ಅದನ್ನು ಯಾರಿಗೂ ಹೇಳಿರಲಿಲ್ಲ. ಅವ್ವನ ಪಕ್ಕ ಕೂತು ಕಿವಿಗೊಟ್ಟು ಕೇಳಿದರೂ ಕೇಳದಿದ್ದ ಓ, ನನಗೆ ಸಿಕ್ಕಿದ್ದು ಇಲ್ಲಿ. ಹೇಳಿಬಿಟ್ಟರೆ ಆ ಬಾಗಿಲು ಮುಚ್ಚಿದಂತೆ.

ಸಿಂಕಿನ ಪಕ್ಕ ಆ ಸ್ಟೂಲು ಖಾಲಿ ಇರುವುದನ್ನು ನೋಡಿ ನೋಡಿ ಸಾಕಾಯಿತು. ಅವರು ಡಬ್ಬಿಯ ಹೊತ್ತಿಗೆ ಬರುವುದನ್ನು ಬಿಟ್ಟಿದ್ದರು. ಒಂದು ಬೆಳಿಗ್ಗೆ ಧೂಪದ ಬಟ್ಟಲನ್ನು ಚೀಲದಿಂದ ತೆಗೆದು ಗೈಡ್ ಸರ್ ಮೇಜಿನ ಮೇಲೇ ಇಟ್ಟೆ. ಮೇಡಮ್ಮಾರ ಅಲ್ಲೇ ಇದ್ದರು.

‘ಕದ ಬಡದಾಂವ ನಾನ್ರಿ,’ ಎಂದೆ. ಮೇಡಮ್ಮಾರ ಅದನ್ನು ಸರ್‌ಗೆ ಹಿಂದಿಯಲ್ಲಿ ಹೇಳಬೇಕಿತ್ತು. ಅವರು ಹೇಳಲಿಲ್ಲ. ಬಟ್ಟಲು ಎತ್ತಿ ಮೂಸಿದರು, ನನ್ನ ಮುಖ ನೋಡಿದರು. ‘ಅಮಾಸಿಗೊಮ್ಮೆ?’ ಎಂದರು.

‘ತಪ್ಪದ.’

‘ಒಳಗ?’

‘ಬಾಯಿಗೇ ರೀ.’

ಆಗ ಅವರು ಸರ್‌ಗೆ ಎಲ್ಲವನ್ನೂ ಹಿಂದಿಯಲ್ಲಿ ಹೇಳಿದರು. ಸರ್ ಸಿಟ್ಟಾದರು. ಹಿಂದಿ ಬಿಟ್ಟು ಕೊಂಕಣಿಗೆ ಇಳಿದರು. ಸ್ಪಿರಿಟ್ಟಿಗೆ ಕಿಡಿ ತಗುಲಿದ್ದರೆ ಕಟ್ಟಡವೇ ಹೋಗುತ್ತಿತ್ತು ಎಂದರು. ಅದು ಖರೇ ಇತ್ತು, ನಾನು ತಲೆ ತಗ್ಗಿಸಿ ಕೇಳಿದೆ. ಕೊನೆಗೆ ಕುರ್ಚಿಗೆ ಕುಸಿದು, ಬಟ್ಟಲನ್ನು ಬೆರಳಿನಿಂದ ಸ್ವಲ್ಪ ದೂರ ತಳ್ಳಿ, ‘ಇನ್ನೊಂದು ಸಲ ಮಾಡು,’ ಎಂದರು. ‘ನಮ್ಮ ಕಣ್ಣೆದುರಿಗೆ. ಅಮಾವಾಸ್ಯೆಯ ದಿನ ಬೇಡ.’

ಬುಧವಾರ ಮಾಡಿದೆವು. ಹುಣ್ಣಿಮೆ ಕಳೆದು ಆರು ದಿನವಾಗಿತ್ತು, ಬಿಸಿಲು ಬಿದ್ದಿತ್ತು. ಅದೇ ಹೆಣ್ಣುಮಗಳ ಕೋಶ ಎರಡು ತಟ್ಟೆ. ಒಂದು ನಮ್ಮ ಪೆಟ್ಟಿಗೆಯಲ್ಲಿ, ಇನ್ನೊಂದು ಪಕ್ಕದ ಕೋಣೆಯ ಪೆಟ್ಟಿಗೆಯಲ್ಲಿ. ಎರಡರ ಬಾಗಿಲನ್ನೂ ಒಂದೇ ಹೊತ್ತಿಗೆ, ಎಂಟು ಎಣಿಸುವ ತನಕ ತೆರೆದಿಟ್ಟೆವು. ಹೊಗೆ ಹಿಡಿದದ್ದು ಒಂದಕ್ಕೆ ಮಾತ್ರ. ಸರ್ ಸ್ಪಿರಿಟ್ ಬಾಟಲಿಗಳನ್ನೆಲ್ಲ ತಾವೇ ಹೊರಗೆ ಸಾಗಿಸಿ, ಕೈಯಲ್ಲಿ ಬೆಂಕಿ ಆರಿಸುವ ಸಿಲಿಂಡರ್ ಹಿಡಿದು ನಿಂತಿದ್ದರು. ಇಷ್ಟು ಜನರ ಮುಂದೆ ನಾನು ಗಟ್ಟಿಯಾಗಿಯೇ ಎಣಿಸಿದೆ. ಐದು, ಆರು, ಏಳು, ಎಂಟು. ಮುಚ್ಚಿದೆ.

ಮಧ್ಯಾಹ್ನ ತಟ್ಟೆಯನ್ನು ಯಂತ್ರ ನುಂಗಿತು. ಪಕ್ಕದ ಕೋಣೆಯದು ಮೊದಲು: ಕತ್ತಲೆ. ಆಮೇಲೆ ನಮ್ಮದು. ಮೊದಲ ಸಾಲಿನ ಅಂಕಿಗಳು ಪರದೆಯ ಮೇಲೆ ಒಂದೊಂದಾಗಿ ಏರಿದವು. ಮೇಡಮ್ಮಾರ ಕೈ ಬಡಿದು, ‘ಬಂತ್ರಿ! ಬಂತು!’ ಎಂದು ಕುಣಿದರು. ಸರ್ ಕನ್ನಡಕ ತೆಗೆದು ಕಣ್ಣು ಒರೆಸಿಕೊಂಡರು. ಅಮಾವಾಸ್ಯೆಗೂ ಅದಕ್ಕೂ ಸಂಬಂಧವಿಲ್ಲ ಎಂದಾಯಿತು. ಹೊಗೆಯಲ್ಲಿ ಏನೋ ಇದೆ, ಅದು ಬಾಗಿಲಲ್ಲಿ ಕೂತವನನ್ನು ಹೆದರಿಸುತ್ತದೆ, ಅವನು ಒಳಗೆ ಓಡಿ ಒದರುತ್ತಾನೆ. ಅಷ್ಟೇ. ಅವರೆಲ್ಲರ ಭಯ ಅವತ್ತು ಮುಗಿಯಿತು.

ನನ್ನದು ಶುರುವಾಯಿತು. ಅಮಾವಾಸ್ಯೆಗೆ ಎಚ್ಚರಾಗುವ ಪಿಶಾಚಿಯಾಗಿದ್ದರೆ ನಾನು ತಡೆದುಕೊಳ್ಳುತ್ತಿದ್ದೆ. ಇದು ಹಾಗಲ್ಲ. ಯಾವ ದಿನವಾದರೂ ಸರಿ, ಬಿಸಿಲಲ್ಲೂ ಸರಿ, ನಾನು ಹೊಗೆ ಹಿಡಿದರೆ ಸತ್ತು ಎಷ್ಟೋ ವರ್ಷವಾದ ಒಬ್ಬ ಹೆಣ್ಣುಮಗಳ ಮೈ ಉತ್ತರ ಕೊಡುತ್ತದೆ. ಮತ್ತು ಏನನ್ನುತ್ತದೆ ಎಂಬುದನ್ನು ಮೇಡಮ್ಮಾರ ನನಗೆ ಮೊದಲೇ ಹೇಳಿದ್ದರು. ‘ಸಾಯಬ್ಯಾಡ್ರಿ’ ಎನ್ನುತ್ತದೆ.

ಸರ್ ನನ್ನನ್ನು ತೆಗೆಯಲಿಲ್ಲ. ಪ್ರಯೋಗದ ದಾಖಲೆ ಪುಸ್ತಕ ನನ್ನ ಮುಂದಿಟ್ಟು, ‘ನೀನೇ ಬರಿ. ಎಲ್ಲವನ್ನೂ. ಎಷ್ಟು ಎಣಿಸಿದೆ ಎಂಬುದನ್ನೂ’ ಎಂದರು. ಇಂಗ್ಲಿಷಿನ ಆ ದಪ್ಪ ಪುಸ್ತಕದಲ್ಲಿ ಒಂದೂವರೆ ಪುಟ ನನ್ನ ಕನ್ನಡ ಇದೆ. ಗಿರಣಿ, ಅಪ್ಪ, ಚಿಪ್ಪಿನ ಕೆಂಡ, ಎಂಟರ ಎಣಿಕೆ, ಹದಿನಾರು ಎಣಿಸಿದ ದಿನ. ಕೆಳಗೆ ಮೇಡಮ್ಮಾರ ಅದನ್ನು ಇಂಗ್ಲಿಷಿನಲ್ಲಿ ಬರೆದರು. ಕೊನೆಗೆ ಮೂವರೂ ಸಹಿ ಮಾಡಿದೆವು, ನನ್ನದು ಮೊದಲು.

ಆಮೇಲಿನ ಅಮಾವಾಸ್ಯೆಗೆ ನಾನು ಬರಿಗೈಯಲ್ಲಿ ಪೆಟ್ಟಿಗೆಯ ಮುಂದೆ ನಿಂತೆ. ಗಾಜಿಗೆ ಅಂಗೈ ಒತ್ತಿದೆ. ಬೆಚ್ಚಗಿತ್ತು. ಯಾರೋ ಕಾಯುತ್ತಿರುವಷ್ಟು ಬೆಚ್ಚಗಿತ್ತು. ಮಧ್ಯಾಹ್ನ ಮೇಡಮ್ಮಾರ ತೊಳೆಯುವ ಕೋಣೆಯ ಬಾಗಿಲಿಗೆ ಬಂದು ನನ್ನ ಮುಖ ನೋಡಿದರು. ‘ಸುಮ್ಮನದಾರ್ರಿ ಕಾಕಾ’ ಎಂದರು. ಅಲ್ಲಿಯತನಕ ಅವರು ಕೋಶಗಳಿಗೆ, ಸಾಮಾನಿಗೆ ಹೇಳಿದ ಹಾಗೆ, ‘ಅದಾವ’ ಎನ್ನುತ್ತಿದ್ದರು.

ಅವರ ಕೆಲಸ ಈಗ ಮುಗಿದಿದೆ. ಹಳೆಯ ಅಂಕಿಗಳು ಉಳಿದವು, ಕೆಂಪು ಗುರುತಿನ ದಿನಗಳನ್ನಷ್ಟೇ ಬಿಟ್ಟರು. ಔಷಧ ಇಲಿಗಳ ಮೇಲೆ ಪರೀಕ್ಷೆಗೆ ಬೇರೆ ಊರಿಗೆ ಹೋಗಿದೆ. ಅವರು ಥೀಸಿಸ್ ಬರೆಯಲು ಕೂತ ದಿನ, ಉಳಿದ ಕೋಶಗಳನ್ನು ಬೆರಳುದ್ದದ ಸೀಸೆಗಳಿಗೆ ತುಂಬಿ ದ್ರವ ನೈಟ್ರೋಜನ್ನಿನ ಡಬ್ಬಿಯಲ್ಲಿ ಇಳಿಸಿದೆವು. ಆ ಚಳಿಯಲ್ಲಿ ಅವು ಬೆಳೆಯುವುದಿಲ್ಲ, ಸಾಯುವುದೂ ಇಲ್ಲ. ಯಾರಾದರೂ ಹೊರಗೆ ತೆಗೆದು ಮೂವತ್ತೇಳು ಡಿಗ್ರಿಗೆ ತರುವ ತನಕ ಹಾಗೇ ಇರುತ್ತವೆ. ಬೆಚ್ಚನೆಯ ಪೆಟ್ಟಿಗೆಯಲ್ಲಿ ಈಗ ಬೇರೆಯವರ ಬೇರೆ ಏನೋ ಬೆಳೆಯುತ್ತಿದೆ. ಯಾರದೆಂದು ನಾನು ಕೇಳಿಲ್ಲ.

ನೈಟ್ರೋಜನ್ ಮಾತ್ರ ವಾರವಾರವೂ ತುಂಬಬೇಕು. ಅದು ನನ್ನ ಕೆಲಸ, ಇವತ್ತಿಗೂ ತಪ್ಪಿಸಿಲ್ಲ. ಮುಚ್ಚಳ ತೆಗೆದು ಸುರಿಯುವಾಗ ಡಬ್ಬಿಯ ಬಾಯಿಂದ ಬಿಳಿ ಹೊಗೆ ಏಳುತ್ತದೆ. ವಾಸನೆಯಿಲ್ಲದ್ದು, ತಣ್ಣಗಿನದು, ಕೆಂಡವಿಲ್ಲದ್ದು. ಅಂಚು ದಾಟಿ ಕೆಳಗಿಳಿದು ನನ್ನ ಬೂಟಿನ ಸುತ್ತ ಹರಡುತ್ತದೆ. ಸುರಿದದ್ದು ಮುಗಿದ ಮೇಲೆ ಮುಚ್ಚಳ ಕೂಡಲೇ ಹಾಕಬೇಕೆಂಬುದು ನಿಯಮ. ಬೇರೆ ವಾರಗಳಲ್ಲಿ ಕೂಡಲೇ ಹಾಕುತ್ತೇನೆ. ಅಮಾವಾಸ್ಯೆಯ ವಾರ ಅದನ್ನು ಕೈಯಲ್ಲಿ ಹಿಡಿದು, ಸುಮ್ಮನೆ ಕಿವಿಗೊಟ್ಟು, ಎಂಟು ಎಣಿಸುತ್ತೇನೆ.